ನೂರಾ ನಲವತ್ತನೆಯ ಹೆಜ್ಜೆಯ ಕಲ್ಲು

ಕಾರಿಗೆ ಸ್ಪೀಕರ್ ಕೂರಿಸುವ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ನನ್ನ ಮನೆಗೆ ಬರುತ್ತಾರೆ. ಅಫಜಲಪುರದವರು, ಜೇವರ್ಗಿಯವರು, ಒಮ್ಮೊಮ್ಮೆ ಆಳಂದದವರು. ಚಹಾದ ಕಪ್ಪು ಕೈಗೆ ಬರುವ ಮೊದಲೇ ಪ್ರಶ್ನೆ ಬರುತ್ತದೆ: ‘ಎಷ್ಟು ವಾಟಿಂದು ಹಾಕಬೇಕ್ರಿ?’ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ಕೇಳಿದ್ದೂ ಅದನ್ನೇ. ಹಾಗಾಗಿ ಅವರನ್ನು ಬೈಯುವ ಹಕ್ಕು ನನಗಿಲ್ಲ, ಕೂರಿಸಿ ಹೇಳುತ್ತೇನೆ. ಹೇಳಿದ್ದನ್ನೇ ಹೇಳಿ ಬೇಸರ ಬಂದು ಈಗ ಬರೆದಿಡುತ್ತಿದ್ದೇನೆ.

ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಇಷ್ಟು ವರ್ಷದ ದುಡಿಮೆಯಲ್ಲಿ ನಾನು ಸುಟ್ಟ ಆಂಪ್ಲಿಫೈಯರುಗಳು, ಹರಿದ ಸ್ಪೀಕರಿನ ಪೇಪರುಗಳು, ಅಂದರೆ ಅದುರಿ ದನಿ ಹೊರಡಿಸುವ ಪದರಗಳು, ಒಂದೆರಡಲ್ಲ. ಅವಕ್ಕೆಲ್ಲ ಬದಲಿ ಸಿಕ್ಕಿತು. ಆದರೆ ಒಮ್ಮೆ ನನ್ನ ಬಾಯಿಂದ ಬಿದ್ದ ಒಂದು ಮಾತು ಆಳಂದದ ಒಬ್ಬ ಸಜ್ಜನ ವ್ಯಾಪಾರಿಯ ಹೆಸರು ಕೆಡಿಸಿತು. ಹೆಸರಿಗೆ ಬದಲಿ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಹೇಗೆ ಕೆಟ್ಟಿತು, ಹೇಗೆ ತಿರುಗಿ ಬಂತು ಎನ್ನುವುದನ್ನು ಬಿಟ್ಟು ಈ ಕಸುಬಿನ ಬಗ್ಗೆ ಬೇರೆ ಏನು ಹೇಳಿದರೂ ಅರ್ಧ ಸುಳ್ಳು ಹೇಳಿದಂತಾಗುತ್ತದೆ.

ನನಗೆ ಕೆಲಸ ಕಲಿಸಿದವರು ಉಸ್ತಾದ್ ದಸ್ತಗೀರಸಾಬ್. ಜೇವರ್ಗಿಯಲ್ಲಿ ಅವರದು ರೇಡಿಯೊ ರಿಪೇರಿ ಅಂಗಡಿ. ಜೀಪುಗಳಿಗೆ ಟೇಪ್ ಡೆಕ್ ಬಂದ ಮೇಲೆ ಅದನ್ನು ಕೂರಿಸುವ ಕೆಲಸವೂ ಅವರ ಕಡೆಗೇ ಬಂತು. ಐಟಿಐ ಮುಗಿಸಿ ನಾನು ಅವರ ಹತ್ತಿರ ಸೇರಿದೆ. ಉಸ್ತಾದರ ದನಿ ಎಷ್ಟು ಮೆತ್ತಗಿತ್ತೆಂದರೆ ಎದುರಿಗೆ ಒದರಾಡುತ್ತ ಬಂದ ಗಿರಾಕಿ ಕೂಡ ಅವರ ಮಾತು ಕೇಳಿಸಿಕೊಳ್ಳಲು ತನ್ನ ಬಾಯಿ ಮುಚ್ಚಬೇಕಾಗುತ್ತಿತ್ತು. ಇಡೀ ಜೇವರ್ಗಿಗೆ ಜೋರು ದನಿ ಹಂಚಿದ ಮನುಷ್ಯ ತಾನು ಮಾತ್ರ ಪಿಸುಮಾತಿನಲ್ಲಿ ಬದುಕಿದ.

ಒಮ್ಮೆ ಅವರು ನೆಂಟರ ಮದುವೆಗೆಂದು ಆಳಂದಕ್ಕೆ ಹೋದರು. ಅಂಗಡಿ ನನ್ನ ಮೇಲೆ ಬಿತ್ತು. ಅದೇ ದಿನ ನೆಲೋಗಿಯ ಗೌಡರೊಬ್ಬರು ಜೀಪು ತಂದು ನಿಲ್ಲಿಸಿದರು. ಉಸ್ತಾದರು ಕೂರಿಸಿದ ಹಳೆಯ ಸ್ಪೀಕರ್ ತೆಗೆದು ಶಹರದಿಂದ ತಂದ ಹೊಸ ಸಬ್‌ವೂಫರ್ ಹಾಕಬೇಕು. ದಪ್ಪ ದನಿಯನ್ನಷ್ಟೇ ನುಡಿಸುವ ಈ ದೊಡ್ಡ ಸ್ಪೀಕರ್ ಆಗ ನಮ್ಮ ಕಡೆ ಹೊಸದು. ಡಬ್ಬಿಯ ಮೇಲೆ ಕೆಂಪು ಅಕ್ಷರದಲ್ಲಿ ಸಾವಿರ ವಾಟ್ ಎಂದು ಬರೆದಿತ್ತು. ನನಗೆ ಮೈ ಜುಮ್ಮೆಂದಿತು. ಎರಡು ತಾಸಿನಲ್ಲಿ ಕೂರಿಸಿ, ಗೌಡರನ್ನು ಒಳಗೆ ಕೂರಿಸಿ, ಹಾಡು ಹಚ್ಚಿದೆ. ಮೊದಲಿದ್ದ ಹಳೆಯ ಸ್ಪೀಕರಿನ ಅರ್ಧದಷ್ಟೂ ದನಿ ಬರಲಿಲ್ಲ. ಗೌಡರು ಸ್ವಲ್ಪ ಹೊತ್ತು ಕಿವಿಗೊಟ್ಟರು.

‘ಮಲ್ಲಣ್ಣ, ಇದು ಹಾಡಾಕತ್ತದೋ ಕೆಮ್ಮಾಕತ್ತದೋ?’ ಎಂದರು.

ಮರ್ಯಾದೆ ಉಳಿಸಿಕೊಳ್ಳಲು ಆಂಪ್ಲಿಫೈಯರಿನ ದನಿ ಏರಿಸುವ ಗುಬ್ಬಿಯನ್ನು ಕೊನೆಯ ತನಕ ತಿರುಗಿಸಿದೆ. ದನಿ ಒಡೆಯಿತು, ಆಮೇಲೆ ಸುಟ್ಟ ವಾಸನೆ ಬಂತು, ಆಮೇಲೆ ಏನೂ ಬರಲಿಲ್ಲ. ಮರುದಿನ ಉಸ್ತಾದರು ಬಂದಾಗ ನಾನು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ‘ನಾಳಿ ನಸುಕಿನ್ಯಾಗ ಬಾ’ ಎಂದಷ್ಟೇ ಹೇಳಿ ಒಳಗೆ ಹೋದರು.

ಊರ ಹೊರಗೆ ತೊಗರಿ ಕೊಯ್ದ ಹೊಲವಿತ್ತು. ಬಸ್ಸುಗಳು ಇನ್ನೂ ಶುರುವಾಗದ ಹೊತ್ತು. ಉಸ್ತಾದರು ಎರಡು ಸ್ಪೀಕರ್ ತಂದಿದ್ದರು. ಒಂದು ತಮ್ಮ ಕೈಯಾರೆ ಮಾಡಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿದ್ದದ್ದು, ಇನ್ನೊಂದು ಗೌಡರದೇ ತರಹದ ಸಾವಿರ ವಾಟಿನದು. ಒಂದು ತುಂಬಿದ ಬ್ಯಾಟರಿ, ಒಂದು ಸಣ್ಣ ಡೆಕ್ಕು. ಡೆಕ್ಕಿನ ಗುಬ್ಬಿಯ ಮೇಲೆ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಗೆರೆ. ಆ ಗೆರೆಯಿಂದ ಗುಬ್ಬಿ ಅಲ್ಲಾಡಬಾರದು. ಕ್ಯಾಸೆಟ್ಟಿನಲ್ಲಿ ಹಾಡಿರಲಿಲ್ಲ. ಪರಿಚಯದ ಡೊಳ್ಳಿನವರನ್ನು ಅಂಗಡಿಗೆ ಕರೆಸಿ ಒಂದೇ ಪೆಟ್ಟನ್ನು ಅರ್ಧ ತಾಸು ಬಾರಿಸಲು ಹೇಳಿ ತುಂಬಿಕೊಂಡದ್ದು. ಡೊಳ್ಳಿನವರಿಗೆ ಈ ಸಾಬರ ತಲೆ ಕೆಟ್ಟಿದೆ ಅನ್ನಿಸಿದ್ದರೆ ತಪ್ಪಲ್ಲ.

‘ನಡಿ. ಎಣಿಸು. ಕೇಳ್ಸಾದು ನಿಂತಲ್ಲಿ ನಿಲ್ಲು’ ಎಂದರು.

ಸಾವಿರ ವಾಟಿನದರ ಮುಂದೆ ಅರವತ್ತೆಂಟು ಹೆಜ್ಜೆಗೆ ಡೊಳ್ಳು ಮುಳುಗಿತು. ಉಸ್ತಾದರ ಪೆಟ್ಟಿಗೆಯ ಮುಂದೆ ನೂರಾ ನಲವತ್ತು ನಡೆದೆ. ಗಾಳಿಯ ಎದುರಿಗೊಮ್ಮೆ, ಗಾಳಿಯ ಜೊತೆಗೊಮ್ಮೆ ನಡೆಸಿ ಎರಡನ್ನೂ ಕೂಡಿಸಿ ಅರ್ಧ ಮಾಡಿದರು. ಆಮೇಲೆ ಬದುವಿನ ಮೇಲೆ ಕೂತು ನನಗೆ ಅರ್ಥವಾಗುವ ಹಾಗೆ ಹೇಳಿದರು: ‘ವಾಟ್ ಅಂದ್ರ ಎತ್ತು ಎಷ್ಟು ಮೇಯ್ತದ ಅನ್ನಾದು. ಎಷ್ಟು ಎಳೀತದ ಅನ್ನಾದು ಬ್ಯಾರೆ. ನೀ ಮೇವು ನೋಡಿ ಎತ್ತು ಕಟ್ಟಿದಿ.’

ಪುಸ್ತಕದ ಭಾಷೆಯಲ್ಲಿ ಆ ಎಳೆಯುವ ಶಕ್ತಿಗೆ ಸೆನ್ಸಿಟಿವಿಟಿ ಎನ್ನುತ್ತಾರೆ. ಸ್ಪೀಕರಿಗೆ ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರ ನಿಂತರೆ ಎಷ್ಟು ದನಿ ಬರುತ್ತದೆ ಎನ್ನುವ ಲೆಕ್ಕ. ಡಬ್ಬಿಯ ಹಿಂದೆ, ಯಾರೂ ಓದದ ಸಣ್ಣ ಅಕ್ಷರದಲ್ಲಿ, ಎಂಬತ್ತೈದು ಡೆಸಿಬಲ್, ತೊಂಬತ್ತು ಡೆಸಿಬಲ್ ಎಂದು ಬರೆದಿರುತ್ತದೆ. ಮೂರು ಡೆಸಿಬಲ್ ಹೆಚ್ಚಿದ್ದರೆ ಅರ್ಧ ವಾಟಿನಲ್ಲೇ ಅಷ್ಟೇ ದನಿ ಬರುತ್ತದೆ. ನಮ್ಮ ಹೊಲದ ಲೆಕ್ಕದಲ್ಲಿ ನೂರು ಹೆಜ್ಜೆ ಹೋಗುವ ಸ್ಪೀಕರಿಗೂ ನೂರಾ ನಲವತ್ತು ಹೋಗುವುದಕ್ಕೂ ಇರುವ ಅಂತರ ಆ ಮೂರೇ. ಇನ್ನೊಂದು ಮಾತು ನೆನಪಿಡಿ. ವಾಟ್ ಎರಡರಷ್ಟು ಮಾಡಿದರೆ ದನಿ ಎರಡರಷ್ಟಾಗುವುದಿಲ್ಲ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತಿರ ಹತ್ತಿರ ಹತ್ತು ಪಟ್ಟು ವಾಟ್ ಬೇಕು. ಅಷ್ಟು ಹಾಕಿದರೆ ಕಾರಿನ ಬ್ಯಾಟರಿ ಕೈಮುಗಿಯುತ್ತದೆ, ಒಂದೊಂದು ಪೆಟ್ಟಿಗೂ ಹೆಡ್‌ಲೈಟು ಕಣ್ಣು ಮಿಟುಕಿಸುತ್ತದೆ. ಅದಕ್ಕೇ ಮೊದಲು ಎಳೆಯುವ ಎತ್ತು ನೋಡಿ, ಮೇವು ಆಮೇಲೆ.

ಐದು ವರ್ಷದ ನಂತರ ನಾನು ಅಫಜಲಪುರದಲ್ಲಿ, ಘತ್ತರಗಿಗೆ ಹೋಗುವ ರಸ್ತೆಯ ಬದಿಗೆ ಸ್ವಂತ ಅಂಗಡಿ ಇಟ್ಟೆ. ಉಸ್ತಾದರು ತಮ್ಮ ಆ ಕಟ್ಟಿಗೆಯ ಪೆಟ್ಟಿಗೆಯನ್ನೇ ತಂದು ನನ್ನ ಕೈಗಿಟ್ಟರು. ಕಿರಾಣಿ ಅಂಗಡಿಯವನು ತಕ್ಕಡಿಗೆ ಕಲ್ಲು ಇಟ್ಟುಕೊಂಡಂತೆ ಇದನ್ನು ಇಟ್ಟುಕೋ, ಯಾವ ಹೊಸ ಸ್ಪೀಕರ್ ಅಳೆಯುವ ಮುಂಚೆಯೂ ಮೊದಲು ಇದರ ಮುಂದೆ ನಡೆ, ಎಂದು ಹೇಳಿದರು. ಅಂಗಡಿಯ ಹಿಂದೆ ಉದ್ದನೆಯ ಖಾಲಿ ಜಾಗವಿತ್ತು. ಅಲ್ಲಿ ನಡೆದು, ಡೊಳ್ಳು ಮುಳುಗಿದ ನೂರಾ ನಲವತ್ತನೆಯ ಹೆಜ್ಜೆಗೆ ನಾವಿಬ್ಬರೂ ಸೇರಿ ಒಂದು ಶಹಾಬಾದಿ ಕಲ್ಲು ಹುಗಿದೆವು. ಕೂರಲು ಬರುವಷ್ಟು ಎತ್ತರದ ಕಲ್ಲು. ಮುಂದಿನ ವರ್ಷ ಉಸ್ತಾದರು ತೀರಿಕೊಂಡರು. ಕಲ್ಲು ಉಳಿಯಿತು.

ಆ ರಸ್ತೆ ನನಗೆ ಅನ್ನ ಕೊಟ್ಟಿತು. ಅಮಾವಾಸ್ಯೆ ಬಂದರೆ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗುವ ಗಾಡಿಗಳ ಸಾಲು. ಬಾಡಿಗೆಯ ಕ್ರೂಸರ್ ಜೀಪು ಓಡಿಸುವವರೆಲ್ಲ ನನ್ನ ಗಿರಾಕಿಗಳು. ಯಾರ ಗಾಡಿಯ ಹಾಡು ಚಂದವೋ ಆ ಗಾಡಿ ಮೊದಲು ತುಂಬುತ್ತದೆ ಎಂದು ಅವರ ನಂಬಿಕೆ. ಅವರಲ್ಲಿ ಮೊದಲಿನವನು ಕರಜಗಿಯ ಮಶಾಕ. ಐದು ಹೊತ್ತು ನಮಾಜು ಮಾಡುವವನು, ಭಾಗ್ಯವಂತಿ ತಾಯಿಯ ಹಾಡು ಬಂದರೆ ಸ್ಟೇರಿಂಗ್ ಮೇಲೆ ತಾಳ ಹಾಕುವವನು. ಸೀಟಿನ ಕೆಳಗೆ ಜಾಗ ಕಡಿಮೆ, ಆದರೂ ದನಿ ಆಳವಾಗಿರಬೇಕು, ಜೋರಾಗಿಯೂ ಇರಬೇಕು ಎಂದು ಹಟ ಹಿಡಿಯುತ್ತಿದ್ದ. ಸಣ್ಣ ಪೆಟ್ಟಿಗೆ, ಆಳದ ದನಿ, ದೊಡ್ಡ ಸದ್ದು, ಈ ಮೂರರಲ್ಲಿ ಯಾವುದಾದರೂ ಎರಡನ್ನು ಆರಿಸಿಕೋ, ಮೂರನೆಯದು ದೇವರೂ ಕೊಡುವುದಿಲ್ಲ ಎಂದೆ. ಅವನು ಒಂದು ವಾರ ಯೋಚಿಸಿ ಹಿಂದಿನ ಒಂದು ಸೀಟನ್ನೇ ತೆಗೆಸಿ ಪೆಟ್ಟಿಗೆ ದೊಡ್ಡದು ಮಾಡಿಸಿಕೊಂಡ. ಇಂಥ ಗಿರಾಕಿ ಸಿಗುವುದು ಪುಣ್ಯ.

ಜೋರಿಗಾಗಿ ಬಂದವರಷ್ಟೇ ಅಲ್ಲ. ಅಫಜಲಪುರದಲ್ಲಿ ಒಬ್ಬ ಟೀಚರಮ್ಮ ಇದ್ದರು. ಸಣ್ಣ ಕಾರು. ದಿನವೂ ಹಳ್ಳಿಯ ಶಾಲೆಗೆ ಹೋಗುತ್ತ ಹಳೆಯ ಹಾಡುಗಳನ್ನು ಮೆಲ್ಲಗೆ ಕೇಳಬೇಕು, ಆದರೆ ಮೆಲ್ಲಗೆ ಇಟ್ಟರೆ ತಬಲಾ ಮಾಯವಾಗುತ್ತದೆ ಎಂದು ಅವರ ತಕರಾರು. ಮೂರು ಕಡೆ ತೋರಿಸಿ, ಮೂರೂ ಕಡೆ ಇನ್ನೂ ದೊಡ್ಡ ಆಂಪ್ಲಿಫೈಯರ್ ಹಾಕಿಸಿಕೊಳ್ಳಿ ಎಂಬ ಉತ್ತರ ಕೇಳಿ ದಣಿದು ಬಂದಿದ್ದರು. ನಾನು ಆಂಪ್ಲಿಫೈಯರನ್ನೇ ತೆಗೆದು, ಸೆನ್ಸಿಟಿವಿಟಿ ಹೆಚ್ಚಿದ್ದ ಎರಡು ಹಗುರ ಸ್ಪೀಕರ್ ಹಾಕಿ ಡೆಕ್ಕಿಗೇ ಜೋಡಿಸಿದೆ. ಸ್ವಲ್ಪ ಕೊಟ್ಟರೆ ಸಾಕು ಎನ್ನುವ ಸ್ಪೀಕರ್ ಮೆಲ್ಲಗೆ ಕೇಳುವವರಿಗೇ ಹೆಚ್ಚು ಬೇಕು. ಟೀಚರಮ್ಮ ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಕೇಳಿದರು. ‘ತಬಲಾ ಬಂತ್ರಿ’ ಎಂದರು. ನನ್ನ ಇಡೀ ವೃತ್ತಿಯಲ್ಲಿ ಸಿಕ್ಕ ದೊಡ್ಡ ಸರ್ಟಿಫಿಕೇಟ್ ಅದು.

ನನಗೆ ಸ್ಪೀಕರುಗಳು ಬರುತ್ತಿದ್ದದ್ದು ಆಳಂದದ ವೀರಭದ್ರಪ್ಪ ಸಾವ್ಕಾರರಿಂದ. ನಾನು ಹೇಳಿದ ಸಜ್ಜನ ಅವರೇ. ಆಳಂದ, ಜೇವರ್ಗಿ, ಅಫಜಲಪುರ ಮೂರೂ ತಾಲೂಕಿನ ಫಿಟ್ಟರುಗಳಿಗೆ ಅವರೇ ಮಾಲು ಕೊಡುತ್ತಿದ್ದರು. ಒಂದು ಸ್ಪೀಕರಿನ ಪೇಪರಿನಲ್ಲಿ ಸೂಜಿಯಷ್ಟು ತೂತಿದ್ದರೂ ತಾವೇ ಹೇಳಿ ಬದಲಿಸಿಕೊಡುವ ಮನುಷ್ಯ. ಪ್ರತಿ ಅಮಾವಾಸ್ಯೆಗೆ ಘತ್ತರಗಿಗೆ ಹೋಗುವಾಗ ನನ್ನ ಅಂಗಡಿಯ ಮುಂದೆ ಅವರ ಗಾಡಿ ನಿಲ್ಲುತ್ತಿತ್ತು. ಇಬ್ಬರೂ ಹಿಂದಿನ ಜಾಗದಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಇಪ್ಪತ್ತು ವರ್ಷ ಹೀಗೆ ನಡೆಯಿತು.

ನನಗೂ ಹೆಸರು ಬಂದಿತ್ತು. ಮಲ್ಲಣ್ಣ ನಡೆದು ನೋಡಿದ್ದಾನೆ ಅಂದರೆ ಮುಗಿಯಿತು, ಆ ಸ್ಪೀಕರ್ ಬಗ್ಗೆ ಮೂರು ತಾಲೂಕಿನಲ್ಲಿ ಮರುಮಾತಿಲ್ಲ. ಹೆಸರು ಬಂದಂತೆ ಸೋಮಾರಿತನವೂ ಬಂತು. ಉಸ್ತಾದರ ಪೆಟ್ಟಿಗೆಯನ್ನು ಮೇಲಿನ ಹಲಗೆಯ ಮೇಲೆ ಇಟ್ಟೆ. ಗುರುವಾರಕ್ಕೊಮ್ಮೆ ಊದಿನಕಡ್ಡಿ ಹಚ್ಚುತ್ತಿದ್ದೆ, ಮಲ್ಲಿಗೆಯ ಸರ ಹಾಕುತ್ತಿದ್ದೆ. ಕೆಳಗಿಳಿಸಿ ವೈರು ಮಾತ್ರ ಜೋಡಿಸುತ್ತಿರಲಿಲ್ಲ. ಅದು ನೂರಾ ನಲವತ್ತು ಎಂಬುದು ನನಗೆ ಬಾಯಿಪಾಠವಾಗಿತ್ತಲ್ಲ, ಮತ್ತೇಕೆ ನಡೆಯಬೇಕು? ಅಳತೆಗೆಂದು ಗುರು ಕೊಟ್ಟದ್ದನ್ನು ನಾನು ಪೂಜೆಗೆ ಇಟ್ಟುಕೊಂಡೆ.

ವರ್ಷ ಕಳೆದಂತೆ ಹೊಸ ಸ್ಪೀಕರುಗಳ ಹೆಜ್ಜೆ ಕಡಿಮೆಯಾಗುತ್ತ ಬಂತು. ನೂರಾ ಇಪ್ಪತ್ತು, ನೂರಾ ಹತ್ತು, ನೂರು. ಈಗಿನ ಮಾಲೇ ಹೀಗೆ, ಮ್ಯಾಗ್ನೆಟ್ಟಿನಲ್ಲಿ ಸತ್ವವಿಲ್ಲ ಎಂದು ಗೊಣಗುತ್ತ ಗುಬ್ಬಿಗಳನ್ನು ಸ್ವಲ್ಪ ಹೆಚ್ಚಿಗೆ ತಿರುಗಿಸಿ ಕೊಡುತ್ತಿದ್ದೆ. ಒಮ್ಮೆ ಆಳಂದದಿಂದ ಹತ್ತು ಸಬ್‌ವೂಫರುಗಳು ಬಂದವು. ನಾವು ಮೊದಲಿನಿಂದ ತರಿಸುತ್ತಿದ್ದ ಮಾಲೇ, ಕಲ್ಲಿನ ತನಕ ಬರಬೇಕಾದದ್ದು. ನಡೆದೆ. ಎಂಬತ್ತಕ್ಕೆ ಡೊಳ್ಳು ಮುಳುಗಿತು. ಹತ್ತೂ ಎಂಬತ್ತರ ಆಸುಪಾಸೇ. ನಕಲಿ ಮಾಲು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ವಾಪಸು ಕಳಿಸಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅದೇ ವಾರ ಅಫಜಲಪುರದಲ್ಲಿ ಒಬ್ಬರ ಹೊಸ ಅಂಗಡಿಯ ಪೂಜೆ. ಮೂರೂ ತಾಲೂಕಿನ ಫಿಟ್ಟರುಗಳು ಊಟಕ್ಕೆ ಕೂತಿದ್ದೆವು. ಪಕ್ಕದವನು ಸಹಜವಾಗಿ ಸಬ್‌ವೂಫರಿನ ಮಾತು ಎತ್ತಿದ. ಆಳಂದದ ಸಾವ್ಕಾರರು ಈಗ ಡುಪ್ಲಿಕೇಟ್ ಮಾರಲು ಶುರು ಮಾಡಿದ್ದಾರೆ ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ. ಹೇಳಿ ತಲೆ ಎತ್ತಿದರೆ ಎದುರಿನ ಸಾಲಿನಲ್ಲೇ ವೀರಭದ್ರಪ್ಪನವರು ಕೂತಿದ್ದರು. ಅವರು ಬಂದದ್ದು ನನಗೆ ಗೊತ್ತಿರಲಿಲ್ಲ. ಅವರ ಎಲೆಯ ಮೇಲೆ ಮುರಿದಿಟ್ಟ ಹೋಳಿಗೆ ಹಾಗೇ ಇತ್ತು.

‘ಮಲ್ಲಣ್ಣ, ಇನ್ನೊಮ್ಮಿ ಅಳದು ನೋಡು’ ಎಂದರು.

‘ನನ್ನ ಹೆಜ್ಜಿ ಸುಳ್ಳು ಹೇಳಂಗಿಲ್ರಿ ಸಾವ್ಕಾರ್ರ’ ಎಂದೆ. ಎಷ್ಟು ಸೊಕ್ಕಿನಿಂದ ಹೇಳಿದೆ ಎನ್ನುವುದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಅವರು ಊಟ ಅರ್ಧಕ್ಕೆ ಬಿಟ್ಟು, ಕೈ ತೊಳೆದು ಹೊರಟುಹೋದರು.

ಮುಂದಿನ ಅಮಾವಾಸ್ಯೆಗೆ ಅವರ ಗಾಡಿ ನನ್ನ ಅಂಗಡಿಯ ಮುಂದೆ ನಿಲ್ಲದೆ ಹೋಯಿತು. ಅದರ ಮುಂದಿನ ಅಮಾವಾಸ್ಯೆಗೂ. ನಾನು ಬೇಕೆಂದೇ ಬೆನ್ನು ತಿರುಗಿಸಿ ಕೂತಿರುತ್ತಿದ್ದೆ, ಆದರೆ ಅವರ ಗಾಡಿಯ ಸಪ್ಪಳ ನನಗೆ ಗೊತ್ತಿತ್ತಲ್ಲ. ಫಿಟ್ಟರುಗಳು ಒಬ್ಬೊಬ್ಬರಾಗಿ ಆಳಂದದ ದಾರಿ ಬಿಟ್ಟು ಬೇರೆ ಕಡೆಯಿಂದ ಮಾಲು ತರಿಸತೊಡಗಿದರು. ಅರ್ಧ ವರ್ಷದಲ್ಲಿ ಸಾವ್ಕಾರರು ಸ್ಪೀಕರಿನ ವ್ಯಾಪಾರವನ್ನೇ ನಿಲ್ಲಿಸಿ ಬರೀ ವೈರು, ಬಲ್ಬು ಮಾರುತ್ತಿದ್ದಾರೆ ಎಂಬ ಸುದ್ದಿ ಬಂತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ. ಉಣ್ಣಬೇಕಾದವನು ನಾನೇ ಎಂದು ಆಗ ತಿಳಿದಿರಲಿಲ್ಲ.

ಒಂದು ದಿನ ಬೆಳಿಗ್ಗೆ ಮಶಾಕ ಬಂದ. ಅವನ ಸಬ್‌ವೂಫರಿನ ಪೇಪರ್ ಹರಿದಿತ್ತು. ಮಾರ್ಕೆಟ್ಟಿನಲ್ಲಿ ಒಳ್ಳೆಯ ಮಾಲೇ ಇಲ್ಲ, ಎಲ್ಲ ನಕಲಿ ಎಂದು ನನ್ನ ಹಳೆಯ ರಾಗ ಎಳೆದೆ. ಅವನು ಹಲಗೆಯ ಮೇಲಿದ್ದ ಉಸ್ತಾದರ ಪೆಟ್ಟಿಗೆ ತೋರಿಸಿ, ಹಾಗಾದರೆ ಅಮಾವಾಸ್ಯೆ ಮುಗಿಯುವ ತನಕ ಅದನ್ನೇ ಕೊಡಿ ಎಂದ. ಬೇರೆ ಯಾರು ಕೇಳಿದ್ದರೂ ಕೊಡುತ್ತಿರಲಿಲ್ಲ. ಹೂವಿನ ಸರ ತೆಗೆದು, ದೂಳು ಒರೆಸಿ, ಹಿಂದಿನ ಜಾಗಕ್ಕೆ ಒಯ್ದೆ. ಕೊಡುವ ಮೊದಲು ಒಮ್ಮೆ ನಡೆದುಬಿಡೋಣ ಎನ್ನಿಸಿತು. ಮಶಾಕ ಮುಂದೆ ಹೋಗಿ ಎಲ್ಲೋ ಕೂತು ತಂಬಾಕು ತಿಕ್ಕುತ್ತಿದ್ದ.

ಡೊಳ್ಳು ಶುರುವಾಯಿತು. ಎಣಿಸುತ್ತ ನಡೆದೆ. ಎಪ್ಪತ್ತೆಂಟಕ್ಕೆ ದನಿ ಮುಳುಗಿತು. ಅಯ್ಯೋ, ಉಸ್ತಾದರ ಪೆಟ್ಟಿಗೆಯೂ ಹೋಯಿತಲ್ಲ, ಇಷ್ಟು ವರ್ಷ ಹಲಗೆಯ ಮೇಲಿಟ್ಟು ಕೊಂದೆನಲ್ಲ ಎಂದುಕೊಂಡೆ. ತಲೆ ಎತ್ತಿ ನೋಡಿದೆ. ಮಶಾಕ ದೂರದಲ್ಲಿ ಆ ಶಹಾಬಾದಿ ಕಲ್ಲಿನ ಮೇಲೆ ಕೂತಿದ್ದ. ಅಂಗೈಯಲ್ಲಿ ತಂಬಾಕು. ಅವನ ಬಲಗಾಲು ಮಾತ್ರ ನೆಲಕ್ಕೆ ಬಡಿಯುತ್ತಿತ್ತು. ಒಂದು, ಒಂದು, ಒಂದು. ತಾಳ ಹಾಕುತ್ತಿದ್ದ.

‘ಯಾಕ ನಿಂತ್ರಿ ಮಾಮಾ?’ ಎಂದು ಅಲ್ಲಿಂದಲೇ ಕೂಗಿ ಕೇಳಿದ. ‘ಇಲ್ಲೀತನ ಚೊಲೋ ಬರಾಕತ್ತದ.’

ಪೆಟ್ಟಿಗೆ ಸರಿಯಿತ್ತು. ಆಳಂದದಿಂದ ಬಂದ ಹತ್ತೂ ಸರಿಯಿದ್ದವು. ಹೆಜ್ಜೆಯೂ ಸುಳ್ಳು ಹೇಳಿರಲಿಲ್ಲ. ಹೋದದ್ದು ನನ್ನ ಕಿವಿ.

ಕಲಬುರಗಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಕಿವಿಯೊಳಗಿನ ಪುಟ್ಟ ಎಲುಬು ಬಿಗಿದುಕೊಂಡಿದೆ ಎಂದರು. ಇಂಥವರಿಗೆ ದಪ್ಪ ದನಿ ಮೊದಲು ಕಡಿಮೆಯಾಗುತ್ತದಂತೆ, ಗದ್ದಲದಲ್ಲಿ ಮಾತು ಮಾತ್ರ ಚೆನ್ನಾಗಿಯೇ ಕೇಳುತ್ತದಂತೆ. ನನ್ನ ಅಂಗಡಿಯಲ್ಲಿ ಗದ್ದಲ ಯಾವಾಗ ಇರಲಿಲ್ಲ? ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಸ್ಪೀಕರುಗಳಿಂದಲೇ ಹೀಗಾಯಿತೇ ಎಂದು ಕೇಳಿದೆ. ಇದು ಬೇರೆ ಜಾತಿಯ ತೊಂದರೆ, ಆದರೆ ಜೋರು ದನಿ ಇನ್ನೊಂದು ಬಗೆಯಲ್ಲಿ ಕಿವಿ ತಿನ್ನುತ್ತದೆ, ನಿಮ್ಮ ಕಸುಬಿನವರು ಕಿವಿಗೆ ಮುಚ್ಚಳ ಹಾಕಿಕೊಳ್ಳಬೇಕು ಎಂದರು. ಈ ಕೆಲಸಕ್ಕೆ ಬರುವವರು ಈ ಒಂದು ಮಾತನ್ನಾದರೂ ಗಂಟು ಹಾಕಿಕೊಳ್ಳಿ. ಮತ್ತೆ, ವರ್ಷಕ್ಕೊಮ್ಮೆ ಕಿವಿ ತೋರಿಸಿಕೊಳ್ಳಿ.

ಡಾಕ್ಟರ ಹತ್ತಿರದಿಂದ ಮನೆಗೆ ಬರಲಿಲ್ಲ. ಅಮಾವಾಸ್ಯೆ ಮುಗಿಸಿ ಮಶಾಕ ಮರಳಿಸಿದ ಪೆಟ್ಟಿಗೆಯನ್ನು, ಆಳಂದಕ್ಕೆ ಹೋಗಲೇಬೇಕೆಂದು, ಜೊತೆಗೇ ತಂದಿದ್ದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಆಳಂದದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಜೋಡಿಸಿಕೊಂಡೆ. ಸಾವ್ಕಾರರ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅದೆಲ್ಲ ಮರೆತುಹೋಯಿತು. ‘ತಪ್ಪು ನಂದೇ ಆಗ್ಯದ್ರಿ. ನನ್ನ ಕಿವಿ ಹೋಗ್ಯಾವ’ ಎಂದಷ್ಟೇ ಬಾಯಿಗೆ ಬಂತು.

ಅವರು ಕೂರಲು ಹೇಳಲಿಲ್ಲ. ನಿಂತಲ್ಲೇ ಹೇಳಿದರು: ‘ನೀ ಅವತ್ತು ಮಾಲು ಕೆಟ್ಟದ ಅಂದಿದ್ರ ನನಗೇನೂ ಅನಸ್ತಿರಲಿಲ್ಲ. ನನ್ನ ಮನಸು ಕೆಟ್ಟದ ಅಂದಿ. ಹತ್ತು ಮಂದಿ ಊಟಕ್ಕ ಕುಂತಲ್ಲಿ ಅಂದಿ.’

ಅವರು ಒಳಗೆ ಹೋಗಿ ನಾನು ವಾಪಸು ಕಳಿಸಿದ ಹತ್ತರಲ್ಲಿ ಒಂದನ್ನು ತಂದರು. ಹತ್ತನ್ನೂ ಮಾರದೆ ಹಾಗೇ ಇಟ್ಟಿದ್ದರು, ಅನುಮಾನ ಬಿದ್ದ ಮಾಲನ್ನು ಬೇರೆಯವರ ತಲೆಗೆ ಕಟ್ಟುವುದು ಸರಿಯಲ್ಲವೆಂದು. ಅಂಗಡಿ ಮುಚ್ಚಿಸಿ, ನನ್ನನ್ನು ಕರೆದುಕೊಂಡು ಊರ ಹೊರಗಿನ ಬಯಲಿಗೆ ಬಂದರು. ಮೊದಲು ಉಸ್ತಾದರ ಪೆಟ್ಟಿಗೆ, ಆಮೇಲೆ ಅವರ ಸ್ಪೀಕರ್. ಎರಡು ಸಲವೂ ನಾನು ಎಂಬತ್ತರ ಒಳಗೇ ನಿಂತೆ. ಎರಡು ಸಲವೂ ಅವರು ನನ್ನನ್ನು ದಾಟಿ ನಡೆಯುತ್ತ ಹೋದರು. ಅವರ ಬೆನ್ನು ಚಿಕ್ಕದಾಗುತ್ತ ಹೋಯಿತು. ನನ್ನ ಪಾಲಿಗೆ ಆ ಬಯಲಿನಲ್ಲಿ ಯಾವ ದನಿಯೂ ಇರಲಿಲ್ಲ. ಅವರು ನೂರಾ ನಲವತ್ತರ ಹತ್ತಿರ ನಿಂತು ಕೈ ಎತ್ತಿದರು.

ವಾಪಸು ಬಂದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ‘ಅಮಾವಾಸಿ ದಿನ ಎಲ್ಲಾರ್ನೂ ನಿನ್ನ ಅಂಗಡಿಗಿ ಕರಿ’ ಎಂದರು. ‘ಹೆಜ್ಜಿ ನೀ ಹಾಕು. ಕಿವಿ ನಾ ಆಗ್ತೇನಿ.’

ಮಶಾಕ ಮೂರು ತಾಲೂಕು ತಿರುಗಿ ಫಿಟ್ಟರುಗಳನ್ನು ತನ್ನ ಕ್ರೂಸರಿನಲ್ಲೇ ತುಂಬಿಕೊಂಡು ಬಂದ. ಎಲ್ಲರ ಮುಂದೆ ನಿಂತು, ನನ್ನ ಕಿವಿ ಮಾಡಿದ ತಪ್ಪನ್ನು ಸಾವ್ಕಾರರ ತಲೆಗೆ ಕಟ್ಟಿದೆ, ಅವರ ಮಾಲು ಯಾವತ್ತೂ ಕೆಟ್ಟಿರಲಿಲ್ಲ ಎಂದು ಹೇಳಿದೆ. ಹೇಳಿದ ಮೇಲೆ ಸಾವ್ಕಾರರ ಸ್ಪೀಕರ್ ಹಚ್ಚಿ ನಡೆದೆ. ನಾನು ಎಪ್ಪತ್ತೆಂಟಕ್ಕೆ ನಿಂತೆ. ಉಳಿದವರು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಕಲ್ಲಿನ ತನಕ ಹೋಗಿ ಕೈ ಎತ್ತಿದರು. ಯಾರೂ ನಗಲಿಲ್ಲ. ನನ್ನ ಕಸುಬು ಇವತ್ತಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಜೇವರ್ಗಿಯ ಒಬ್ಬ ಫಿಟ್ಟರ್ ಹೋಗುವಾಗ, ತನ್ನ ಕಿವಿಯನ್ನೂ ಡಾಕ್ಟರಿಗೆ ತೋರಿಸಬೇಕು, ವಿಳಾಸ ಕೊಡಿ ಎಂದು ಕೇಳಿದ. ಇನ್ನಿಬ್ಬರು ಅಲ್ಲೇ ನಿಂತು ಸಾವ್ಕಾರರಿಗೆ ಮಾಲು ಹೇಳಿದರು. ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಸಾವ್ಕಾರರ ಎಲೆಗೆ ಹೋಳಿಗೆ ನಾನೇ ಬಡಿಸಿದೆ. ಅವರು ಪೂರ್ತಿ ಉಂಡು, ಇನ್ನೊಂದು ಹಾಕಿಸಿಕೊಂಡರು. ನನಗೆ ಕಣ್ಣೀರು ಬಂತು, ತುಪ್ಪದ ಪಾತ್ರೆ ತರುವ ನೆಪ ಮಾಡಿ ಒಳಗೆ ಹೋದೆ.

ಅಲ್ಲಿಂದ ಮುಂದೆ ಅವರ ಗಾಡಿ ಮೊದಲಿನಂತೆ ಪ್ರತಿ ಅಮಾವಾಸ್ಯೆಗೆ ನಿಂತಿತು. ಆ ತಿಂಗಳು ಬಂದ ಹೊಸ ಸ್ಪೀಕರುಗಳನ್ನೆಲ್ಲ ಇಬ್ಬರೂ ಸೇರಿ ಅಳೆಯುತ್ತಿದ್ದೆವು. ಉಸ್ತಾದರ ಪೆಟ್ಟಿಗೆಗೆ ಊದಿನಕಡ್ಡಿ ನಿಂತಿತು, ವೈರು ಬಂತು. ಮೊದಲು ಅದರ ಮುಂದೆ ನಡೆಯದೆ ಬೇರೆ ಯಾವುದರ ಮುಂದೆಯೂ ನಡೆಯಲಿಲ್ಲ. ಈಗ ಅಂಗಡಿ ನಡೆಸುವವಳು ಮಶಾಕನ ಮಗಳು ಶಬಾನಾ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಅವಳ ಮೊಬೈಲಿನಲ್ಲೇ ಡೆಸಿಬಲ್ ತೋರಿಸುವ ಮೀಟರಿದೆ. ಹೆಜ್ಜೆಯ ಅಗತ್ಯವಿಲ್ಲ. ಆದರೂ ದಿನ ಬೆಳಿಗ್ಗೆ ಮೊದಲು ಉಸ್ತಾದರ ಪೆಟ್ಟಿಗೆಯ ಮುಂದೆ ಆ ಮೀಟರ್ ಹಿಡಿಯುತ್ತಾಳೆ. ಮೀಟರಿಗೂ ಒಂದು ದಿನ ಕಿವಿ ಹೋಗಬಹುದಲ್ಲ ಮಾಮಾ ಎನ್ನುತ್ತಾಳೆ. ನಾನು ಮೂವತ್ತು ವರ್ಷದಲ್ಲಿ ಕಲಿತದ್ದನ್ನು ಅವಳು ಮೊದಲ ದಿನವೇ ಕಲಿತಳು.

ಅಂಗಡಿಯ ಕೀಲಿ ಅವಳಿಗೆ ಕೊಟ್ಟ ದಿನವೂ ಅಮಾವಾಸ್ಯೆಯೇ. ಸಾವ್ಕಾರರು ಘತ್ತರಗಿಗೆ ಹೊರಟವರು ಎಂದಿನಂತೆ ಇಳಿದರು. ಅಷ್ಟರಲ್ಲಿ ಅವರ ಕೈಗೂ ಕೋಲು ಬಂದಿತ್ತು. ಕೊನೆಯದಾಗಿ ಒಮ್ಮೆ ನಡೆಯೋಣ ಎಂದರು. ಶಬಾನಾ ಪೆಟ್ಟಿಗೆಗೆ ವೈರು ಜೋಡಿಸಿ ಡೊಳ್ಳು ಹಚ್ಚಿದಳು. ಸಾವ್ಕಾರರು ಒಂದು ಕೈಯನ್ನು ನನ್ನ ಹೆಗಲ ಮೇಲಿಟ್ಟರು. ನಾನು ಎಣಿಸುತ್ತ ನಡೆದೆ. ಆ ಹೊತ್ತಿಗೆ ನನ್ನ ಕಿವಿ ಇನ್ನೂ ಇಳಿದಿತ್ತು. ಐವತ್ತಕ್ಕೇ ಡೊಳ್ಳು ಮುಳುಗಿತು. ಅಭ್ಯಾಸಬಲದಿಂದ ನಿಂತೆ.

ಹೆಗಲ ಮೇಲಿನ ಕೈ ಮೆಲ್ಲಗೆ ಮುಂದಕ್ಕೆ ದೂಡಿತು.

‘ಇನ್ನಾ ಬರಾಕತ್ತದ, ನಡಿ’ ಎಂದರು.

ಏನೂ ಕೇಳದ ಕಡೆಗೆ, ಎಣಿಸುತ್ತ, ಕಲ್ಲು ಸಿಗುವ ತನಕ ನಡೆದೆ.